ಆಸ್ಪತ್ರೆಯ 84 ಫೋನು, ಹಳೇ ಸರ್ವರ್: ಒಂದೇ ಭಾನುವಾರದಲ್ಲಿ ಬದಲಾಯಿಸಬಹುದಾ?

ಮಲೆನಾಡ ತಂತಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಒಂದು ತಾಲ್ಲೂಕು ಊರಿನ ಟ್ರಸ್ಟ್ ಆಸ್ಪತ್ರೆಯಲ್ಲಿ ಕಂಪ್ಯೂಟರು, ನೆಟ್‌ವರ್ಕು, ಫೋನು ಎಲ್ಲ ನೋಡಿಕೊಳ್ಳೋದು ನಾನೊಬ್ಬನೇ. ನಮ್ಮ ಫೋನ್ ಸರ್ವರ್ ಫ್ರೀಪಿಬಿಎಕ್ಸ್ 16 (ಸೆಟ್ಟಿಂಗ್ ಮಾಡೋ ವೆಬ್ ಪುಟ), ಒಳಗೆ ಕರೆ ಜೋಡಿಸೋ ಆಸ್ಟರಿಸ್ಕ್ 16, ಕೂತಿರೋದು ಸೆಂಟ್‌ಓಎಸ್ 7 ಅನ್ನೋ ಲಿನಕ್ಸ್ ಮೇಲೆ. ಆ ಲಿನಕ್ಸಿಗೆ 2024ರ ಜೂನ್ 30ಕ್ಕೇ ಅಪ್‌ಡೇಟ್ ನಿಂತುಹೋಯ್ತು. ಈಗ ಹಾರ್ಡ್‌ಡಿಸ್ಕ್ ಬೇರೆ ಸದ್ದು ಮಾಡ್ತಿದೆ. 84 ಎಕ್ಸ್‌ಟೆನ್ಶನ್ (ಒಳಗಿನ ಫೋನ್ ನಂಬರು), ಅಷ್ಟೂ ನಡೀತಿರೋದು ಚಾನ್-ಸಿಪ್ ಅನ್ನೋ ಹಳೇ ಡ್ರೈವರಿನಲ್ಲಿ (ಸಿಪ್ ಅಂದ್ರೆ ನೆಟ್‌ವರ್ಕ್ ಮೇಲೆ ಕರೆ ಜೋಡಿಸೋ ವಿಧಾನ). ಹೊರಗಿನ ಕರೆಗೆ ಒಂದು ಪಿಆರ್‌ಐ ಲೈನು, 30 ಚಾನೆಲ್, ಅಂದ್ರೆ ಒಟ್ಟಿಗೆ 30 ಕರೆ.

‘ಭಾನುವಾರ ಓಪಿಡಿ ಇರಲ್ಲ, ಒಂದೇ ದಿನದಲ್ಲಿ ಮುಗಿಸಿಬಿಡಿ’ ಅಂತ ಆಡಳಿತದವರ ಮಾತು. ನನಗೆ ಧೈರ್ಯ ಸಾಲ್ತಿಲ್ಲ. ಹೆರಿಗೆ ವಾರ್ಡಿಗೆ ಭಾನುವಾರ ಅಂತ ಇರತ್ತಾ? ಅಲ್ಲಿನ ಫೋನಿನ ಮೇಲೆ ಗಾಯಕ್ಕೆ ಹಾಕೋ ಬಿಳಿ ಪ್ಲಾಸ್ಟರ್ ಅಂಟಿಸಿ ನೀಲಿ ಪೆನ್ನಲ್ಲಿ ಬರೆದಿದ್ದಾರೆ: 201 ಓಟಿ, 214 ರಕ್ತನಿಧಿ, 230 ಡಾಕ್ಟರ ಮನೆ. ರಾತ್ರಿ ಎರಡು ಗಂಟೆಗೆ ಅವರು ನೋಡೋದು ಆ ಪ್ಲಾಸ್ಟರನ್ನೇ.

ಪರೀಕ್ಷೆಗೆ ಅಂತ ಡೆಬಿಯನ್ 12 (ಇದೂ ಒಂದು ಲಿನಕ್ಸ್) ಮೇಲೆ ಫ್ರೀಪಿಬಿಎಕ್ಸ್ 17 ಹಾಕಿ, ಹೆರಿಗೆ ವಾರ್ಡಿನಲ್ಲಿ ಒಂದು, ರಸ್ತೆಯಾಚೆ ಡಾಕ್ಟರ ಕ್ವಾರ್ಟರ್ಸ್‌ನಲ್ಲಿ ಒಂದು ಫೋನ್ ಇಟ್ಟೆ. ರಿಂಗ್ ಆಯ್ತು, ಎತ್ತಿದರು. ಸಿಸ್ಟರ್ ರಿಸೀವರನ್ನ ಕಿವಿಗೆ ಒತ್ತಿ ಹಿಡಿದು ‘ಹಲೋ, ಡಾಕ್ಟ್ರೇ, ಕೇಳ್ತಿಲ್ಲ’ ಅಂತ ಮೂರು ಸಲ ಕೂಗಿದರು. ಆಚೆ ಡಾಕ್ಟರಿಗೆ ಅದಷ್ಟೂ ಕೇಳಿಸ್ತಿತ್ತು, ಉತ್ತರ ಕೊಡ್ತಾನೇ ಇದ್ದರು. ರೂಟರಿನ ಸಿಪ್ ಎಎಲ್‌ಜಿ (ಕರೆಯ ಸಂದೇಶದಲ್ಲಿ ವಿಳಾಸ ತಿದ್ದೋದು) ಆಫ್ ಮಾಡಿದ್ದೀನಿ, ಡೈರೆಕ್ಟ್ ಮೀಡಿಯಾನೂ (ಸರ್ವರ್ ಬಿಟ್ಟು ಫೋನಿಂದ ಫೋನಿಗೇ ಧ್ವನಿ ಹೋಗೋದು) ಆಫ್. ಇದು ನಿಜವಾದ ಕರೆ ಆಗಿದ್ದಿದ್ರೆ ಅಂತ ನೆನೆಸಿಕೊಂಡು ಆ ರಾತ್ರಿ ನಿದ್ದೆ ಬರಲಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಧಾರವಾಡ 580

ನಮ್ಮ ಕಾಲೇಜಿನ್ಯಾಗೂ ಹಿಂಗ ಆಗಿತ್ತರಿ. ಕ್ವಾರ್ಟರ್ಸ್ ಬ್ಯಾರೆ ಸಬ್‌ನೆಟ್ (ನೆಟ್‌ವರ್ಕಿನ ಬ್ಯಾರೆ ಭಾಗ) ಇರಬೇಕಲ್ಲ? ಸಿಪ್ ಸೆಟ್ಟಿಂಗ್ಸ್‌ನ್ಯಾಗ ‘ಲೋಕಲ್ ನೆಟ್‌ವರ್ಕ್ಸ್’ ಅಂತ ಅದ. ಅಲ್ಲಿ ಆ ಸಬ್‌ನೆಟ್ ಬರೀದಿದ್ರ ಸರ್ವರ್ ಆ ಫೋನ್ ಹೊರಗಿಂದು ಅಂತ ತಿಳಕೊಂಡು, ಧ್ವನಿ ಕಳಸಾಕ ಇಂಟರ್ನೆಟ್ ಕಡೆ ಐಪಿ ವಿಳಾಸ ಹೇಳ್ತದ. ಡಾಕ್ಟರ ಮಾತು ಅಲ್ಲೇ ಹೋಗಿ ಕಳದುಹೋಗ್ತದ. ಸರ್ವರಿಂದ ಫೋನಿಗೆ ಬರೋ ದಾರಿ ಸರಿ ಇರ್ತದ, ಅದಕ್ಕ ಸಿಸ್ಟರ್ ಮಾತು ಅವರಿಗೆ ಕೇಳಸ್ತದ. ಸಬ್‌ನೆಟ್ ಬರದು ಸರ್ವಿಸ್ ರೀಸ್ಟಾರ್ಟ್ ಮಾಡ್ರಿ.

ಇನ್ನ ಒಂದೇ ಭಾನುವಾರದ ಮಾತು. ಬ್ಯಾಡ್ರಿ, ಖರೇನ ಬ್ಯಾಡ. ಆಸ್ಟರಿಸ್ಕ್ 21ರಿಂದ ಚಾನ್-ಸಿಪ್ ತಗದಹಾಕ್ಯಾರ, ಹೊಸದಕ್ಕ ಹೋಗಬೇಕಂದ್ರ ಪಿಜೆ-ಸಿಪ್ (ಅದರ ಜಾಗಕ್ಕ ಬಂದ ಹೊಸ ಡ್ರೈವರ್) ಆಗಲೇಬೇಕು. ಆದ್ರ ಆ ಕೆಲಸ ಹಳೇ ಮಷೀನ್‌ನ್ಯಾಗೇ ಮುಗಸ್ರಿ. ಆಸ್ಟರಿಸ್ಕ್ 16ರಾಗ ಎರಡೂ ಜೋಡಿಲೆ ನಡೀತಾವ. ದಿನಕ್ಕ ಹತ್ತು ಎಕ್ಸ್‌ಟೆನ್ಶನ್ ಬದಲಿ ಮಾಡ್ರಿ, ನಂಬರ್ ಅದ ಇರಲಿ. ಪೋರ್ಟ್ (ಸರ್ವರಿನ ಬಾಗಿಲ ನಂಬರ್ ಇದ್ದಂಗ) ನೋಡಕೋರಿ: ಚಾನ್-ಸಿಪ್ 5060ರಾಗ ಕುಂತಿದ್ರ ಪಿಜೆ-ಸಿಪ್ 5160ಕ್ಕ ಇರಬಹುದು, ಫೋನಿನ್ಯಾಗೂ ಅದನ್ನ ಬದಲಿ ಮಾಡಬೇಕು. ನಾ ಇದನ್ನ ಮರತು ಒಂದು ಬ್ಲಾಕಿನ ಫೋನ್ ಅರ್ಧ ದಿನ ಸತ್ತಿದ್ವು. ಎಲ್ಲಾ ಪಿಜೆ-ಸಿಪ್ ಆದಮ್ಯಾಲೆ ಬ್ಯಾಕಪ್ ತಗೊಂಡು ಹೊಸ ಮಷೀನ್‌ನ್ಯಾಗ ರಿಸ್ಟೋರ್ ಮಾಡ್ರಿ.

ಒಂಟಿಕೊಪ್ಪಲ್

ಮೇಲಿನವರು ಹೇಳಿದ್ದು ಸರಿ. ನಾನು ಪಿಆರ್‌ಐ ಬಗ್ಗೆ ಮಾತ್ರ ಹೇಳ್ತೀನಿ. ಹಳೇ ಮಷೀನನ್ನ ಆಫ್ ಮಾಡಬೇಡಿ. ಪಿಆರ್‌ಐ ಕಾರ್ಡು ಅದರಲ್ಲೇ ಇರಲಿ, ಎರಡು ಸರ್ವರ್ ಮಧ್ಯೆ ಒಂದು ಟ್ರಂಕ್ (ಕರೆ ದಾಟಿಸೋ ಕೊಂಡಿ) ಕಟ್ಟಿ. ಪಿಆರ್‌ಐ ಬದಲಿಗೆ ಸಿಪ್ ಟ್ರಂಕ್ (ನೆಟ್‌ವರ್ಕ್ ಮೂಲಕ ಬರೋ ಹೊರಗಿನ ಲೈನು) ಬಂದು ಎರಡು ವಾರ ಸರಿಯಾಗಿ ನಡೆದಮೇಲೆ ಪಿಆರ್‌ಐ ವಾಪಸ್ ಕೊಡಿ. ಬ್ಯಾಂಡ್‌ವಿಡ್ತ್‌ಗೆ ಹೆದರಬೇಕಿಲ್ಲ. ಜಿ.711 ಅನ್ನೋ ಧ್ವನಿ ಕೋಡೆಕ್‌ನಲ್ಲಿ ಒಂದು ಕರೆಗೆ ಒಂದು ದಿಕ್ಕಿಗೆ ಸುಮಾರು 87 ಕೆಬಿಪಿಎಸ್, 30 ಕರೆ ಒಟ್ಟಿಗೆ ನಡೆದರೂ 3 ಎಂಬಿಪಿಎಸ್ ಒಳಗೇ. ಧ್ವನಿ ಒಡೆಯೋದು ಸಿಸಿಟಿವಿ ಕೂಡ ಅದೇ ಸ್ವಿಚ್ಚಿನಲ್ಲಿ ಓಡಿದಾಗ. ಫೋನಿಗೆ ಬೇರೆ ವಿಲ್ಯಾನ್ (ಅದೇ ಸ್ವಿಚ್ಚಿನಲ್ಲಿ ಬೇರ್ಪಡಿಸಿದ ನೆಟ್‌ವರ್ಕು) ಮಾಡಿ.

ಇನ್ನೊಂದು. ಎಕ್ಸ್‌ಟೆನ್ಶನ್ 201ಕ್ಕೆ ಪಾಸ್‌ವರ್ಡ್ 201 ಅಂತ ಇಟ್ಟಿದ್ರೆ ಇವತ್ತೇ ಬದಲಾಯಿಸಿ. ನಾನು ಮೊದಲು ಕೆಲಸ ಮಾಡ್ತಿದ್ದ ಕಡೆ ಒಂದು ಶನಿವಾರ ರಾತ್ರಿ ಯಾರೋ ಹೊರಗಿಂದ ನುಗ್ಗಿ ಸೋಮವಾರ ಬೆಳಗಿನವರೆಗೆ ವಿದೇಶಕ್ಕೆ ಕರೆ ಮಾಡ್ತಾನೇ ಇದ್ದರು. ಬಿಲ್ ನೋಡಿ ನಮ್ಮ ಅಕೌಂಟೆಂಟ್ ಅತ್ತೇಬಿಟ್ಟರು. ಐಎಸ್‌ಡಿ ಬೇಡದಿದ್ದರೆ ಲೈನ್ ಕೊಟ್ಟವರ ಕಡೆಯಿಂದಲೇ ಮುಚ್ಚಿಸಿ.

ಮಲೆನಾಡ ತಂತಿ

ಧಾರವಾಡದವರೇ, ನಿಮಗೆ ಪುಣ್ಯ ಬರಲಿ. ಆಸ್ಪತ್ರೆಯ ಸಬ್‌ನೆಟ್ ಮಾತ್ರ ಬರೆದಿದ್ದೆ, ಕ್ವಾರ್ಟರ್ಸ್‌ದು ಬಿಟ್ಟುಹೋಗಿತ್ತು. ಸೇರಿಸಿದ ಮೇಲೆ ಅದೇ ಸಿಸ್ಟರ್ ಹತ್ರಾನೇ ಕರೆ ಮಾಡಿಸಿದೆ. ‘ಈಗ ಕೇಳ್ತಿದೆ ಡಾಕ್ಟ್ರೇ’ ಅಂದರು, ಹಾಗೇ ಒಂದು ರೋಗಿಯ ಬಿಪಿನೂ ಹೇಳಿದರು.

ಪಾಸ್‌ವರ್ಡ್ ನೋಡಿದೆ. 84ರಲ್ಲಿ 61ಕ್ಕೆ ಎಕ್ಸ್‌ಟೆನ್ಶನ್ ನಂಬರೇ ಪಾಸ್‌ವರ್ಡ್! ಎರಡು ರಾತ್ರಿ ಕೂತು ಅಷ್ಟನ್ನೂ ಬದಲಾಯಿಸಿದೆ. ಆಡಳಿತದವರಿಗೆ ಈ ಚರ್ಚೆಯನ್ನೇ ಪ್ರಿಂಟ್ ತೆಗೆದು ಕೊಟ್ಟೆ, ಒಂದೇ ಭಾನುವಾರದ ಪಟ್ಟು ಬಿಟ್ಟರು. ಆದರೆ ಮಳೆಗಾಲ ಶುರುವಾದರೆ ನಮ್ಮಲ್ಲಿ ದಿನಕ್ಕೆ ಐದಾರು ಸಲ ಕರೆಂಟ್ ಹೋಗತ್ತೆ. ಸರ್ವರಿಗೆ ಯುಪಿಎಸ್ ಇದೆ, ಮಹಡಿಯ ಪಿಓಇ ಸ್ವಿಚ್ಚುಗಳಿಗೆ (ನೆಟ್‌ವರ್ಕ್ ತಂತಿಯಲ್ಲೇ ಫೋನಿಗೆ ಕರೆಂಟ್ ಕೊಡೋವು) ಇಲ್ಲ. ಸ್ವಿಚ್ ಸತ್ತರೆ ಫೋನೂ ಸತ್ತಂಗೆ ಅಲ್ವಾ?

ಒಂಟಿಕೊಪ್ಪಲ್

ಹೌದು. ತಾಮ್ರದ ಲೈನಿಗೆ ಎಕ್ಸ್‌ಚೇಂಜಿಂದಲೇ ವಿದ್ಯುತ್ ಬರ್ತಿತ್ತು, ಇದಕ್ಕೆ ಹಾಗಿಲ್ಲ. ಪ್ರತಿ ಮಹಡಿಯ ಸ್ವಿಚ್ಚಿಗೂ ಯುಪಿಎಸ್ ಬೇಕು. ಕ್ಯಾಶುವಾಲ್ಟಿ, ಓಟಿ, ಹೆರಿಗೆ ವಾರ್ಡ್ ಮೂರೂ ಕಡೆ ಒಂದೊಂದು ಮೊಬೈಲ್ ಕೂಡ ಚಾರ್ಜಿಗೆ ಹಾಕಿಡಿ, ಅದರ ನಂಬರನ್ನೂ ಅದೇ ಪ್ಲಾಸ್ಟರ್ ಮೇಲೆ ಬರೆಸಿ.

ಮಲೆನಾಡ ತಂತಿ

ಬರೆಸ್ತೀನಿ. ನಾಳೆ ಲ್ಯಾಬಿನ ಆರು ಫೋನಿಂದ ಶುರು. ಹೆರಿಗೆ ವಾರ್ಡು ಎಲ್ಲಕ್ಕಿಂತ ಕೊನೆಗೆ.