ಡ್ರಮ್ಮರ್ ಬದಲಾದ ಮೇಲಿನ ಆಫ್‌ಸ್ಪ್ರಿಂಗ್: ‘ಸೂಪರ್‌ಚಾರ್ಜ್ಡ್’ ಕೇಳಿದವರು ಯಾರಾದರೂ ಇದ್ದೀರಾ?

ಕೋಡಿಬಾಗದ ಹಳೇ ಕ್ಯಾಸೆಟ್

ಕಾರವಾರದಲ್ಲಿ ಪಂಕ್ (ಓಡುವ ತಾಳದ, ಗದ್ದಲದ ರಾಕ್ ಸಂಗೀತ) ಕೇಳುವವರು ನನಗೆ ಗೊತ್ತಿರುವ ಹಾಗೆ ಇಬ್ಬರೇ. ಒಬ್ಬ ನಾನು. ಇನ್ನೊಬ್ಬ ದುಬೈಗೆ ಹೋಗಿ ಹದಿನೈದು ವರ್ಷ ಆಯಿತು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಮನೆಯಲ್ಲಿ ಹಾಕಿದರೆ “ಅದೇನು ಡಬ್ಬ ಬಡಿದ ಹಾಗೆ, ಸಣ್ಣ ಮಾಡು” ಅಂತಾರೆ ಅಷ್ಟೆ.

1999ರಲ್ಲಿ ಪಿಯುಸಿ ಓದುವಾಗ ನಾವಿಬ್ಬರೂ ರೈಲು ಹತ್ತಿ ಮಡಗಾಂವ್‌ಗೆ ಹೋಗಿ ಅಮೆರಿಕದ ಪಂಕ್ ಬ್ಯಾಂಡ್ ಆಫ್‌ಸ್ಪ್ರಿಂಗ್‌ನ ‘ಅಮೆರಿಕಾನಾ’ ಕ್ಯಾಸೆಟ್ ತಂದಿದ್ದೆವು. ಇಬ್ಬರೂ ಅರ್ಧರ್ಧ ದುಡ್ಡು ಹಾಕಿ. ಒಂದು ವಾರ ಅವನ ಮನೆಯಲ್ಲಿ, ಒಂದು ವಾರ ನಮ್ಮನೆಯಲ್ಲಿ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಟೇಪಿಗೆ ಬಿಳೀ ಬೂಷ್ಟು ಹಿಡಿಯಿತು (ಸಮುದ್ರದ ಹತ್ತಿರ ಇರುವವರಿಗೆ ಗೊತ್ತು, ಬೆಲ್ಟು, ಚಪ್ಪಲಿ, ಮಾರ್ಕ್ಸ್ ಕಾರ್ಡು ಯಾವುದನ್ನೂ ಅದು ಬಿಡುವುದಿಲ್ಲ), ಹತ್ತಿಯಲ್ಲಿ ಒರೆಸಿ ಒರೆಸಿ ಕೇಳಿದೆವು. ಆಮೇಲೆ ಹಿಂದಕ್ಕೆ ಹೋಗಿ 1994ರ ‘ಸ್ಮ್ಯಾಶ್’ ಹಿಡಿದೆವು. ಕೊನೆಗೆ ಮನಸ್ಸಿಗೆ ಹಿಡಿದದ್ದು 2003ರ ‘ಸ್ಪ್ಲಿಂಟರ್’. ರಾನ್ ವೆಲ್ಟಿ ಡ್ರಮ್ಸ್ ಅಂದ್ರೆ ನನಗೆ ಈಗಲೂ ಅದೇ ನೆನಪು.

ಈಗ ವಿಷಯಕ್ಕೆ ಬರುತ್ತೇನೆ. 2024ರ ಅಕ್ಟೋಬರ್ 11ಕ್ಕೆ ಅವರ ‘ಸೂಪರ್‌ಚಾರ್ಜ್ಡ್’ ಬಂದಿದೆ. ಹನ್ನೊಂದನೇ ಆಲ್ಬಂ. ನನ್ನ ಕಿವಿಗೆ ಬಿದ್ದದ್ದು ಮೊನ್ನೆ ಮೊನ್ನೆ, ಅದೂ ಮಗ ಫೋನಿನಲ್ಲಿ ಏನೋ ಹುಡುಕುವಾಗ ತಾನಾಗಿ ಬಂತು. ಹತ್ತು ಹಾಡು, ಹತ್ತಿರ ಹತ್ತಿರ ಅರ್ಧ ಗಂಟೆ. ಹಾಡುಗಾರ ಡೆಕ್ಸ್ಟರ್ ಹಾಲೆಂಡ್ ದನಿ ಕೇಳಿ ನಿಜಕ್ಕೂ ಬೆರಗಾಯಿತು. ಆಲ್ಬಂ ಬರುವಾಗ ಆತನಿಗೆ 58 ವರ್ಷ. ಆದರೂ ಅದೇ ಕೀಚಲು, ಅದೇ ಎತ್ತರ. ಆದರೆ ಡ್ರಮ್ಸ್ ಯಾಕೋ ನನ್ನೊಳಗೆ ಇಳಿಯಲಿಲ್ಲ. ಜೋರಾಗಿದೆ, ಚೊಕ್ಕವಾಗಿದೆ, ತಪ್ಪು ಅಂತ ತೋರಿಸುವುದಕ್ಕೆ ಏನೂ ಇಲ್ಲ, ಆದರೂ ಹಾಡು ಮುಗಿದ ಮೇಲೆ ಕೈಬೆರಳು ಮೇಜಿನ ಮೇಲೆ ಬಡಿಯುತ್ತಾ ಉಳಿಯುವುದಿಲ್ಲ. ಈಗ ಡ್ರಮ್ಸ್ ಬ್ರ್ಯಾಂಡನ್ ಪರ್ಟ್ಜ್‌ಬಾರ್ನ್ ಅಂತೆ. ಬೇಸ್‌ನ ಗ್ರೆಗ್ ಕೆ. ಕೂಡ ಇಲ್ಲ. ನನ್ನ ಕ್ಯಾಸೆಟ್ಟಿನ ಕಾಲದವರು ಅಂತ ಉಳಿದದ್ದು ಡೆಕ್ಸ್ಟರ್, ಗಿಟಾರಿನ ನೂಡಲ್ಸ್ ಇಬ್ಬರೇ.

ಇದು ಜನ ಬದಲಾದ ಪರಿಣಾಮವಾ, ಅಥವಾ ನನ್ನ ಕಿವಿಗೇ ಬೂಷ್ಟು ಹಿಡಿದಿದೆಯಾ? ಗೊತ್ತಿರುವವರು ಹೇಳಿ.

ಪೆಟ್ಟಿನ ಲೆಕ್ಕ

ನಾನು ಶಿರಸಿಯವನು. ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸುತ್ತೇನೆ. ಗಣಪತಿ ಹಬ್ಬ, ಮದುವೆ, ಶಾಲೆಯ ಗ್ಯಾದರಿಂಗು, ಕರೆದಲ್ಲಿ ಹೋಗುತ್ತೇನೆ. ಪಂಕ್ ಬಾರಿಸಿ ಅಂತ ಈವರೆಗೆ ಯಾರೂ ಕರೆದಿಲ್ಲ.

ಅಣ್ಣ, ಬೇಜಾರು ಮಾಡ್ಕೋಬೇಡಿ, ನಿಮ್ಮ ಪ್ರಶ್ನೆಯಲ್ಲೇ ಒಂದು ತಪ್ಪಿದೆ. ‘ಸ್ಪ್ಲಿಂಟರ್’ನಲ್ಲಿ ಬಾರಿಸಿದ್ದು ರಾನ್ ವೆಲ್ಟಿ ಅಲ್ಲ. ವೆಲ್ಟಿ 2003ರಲ್ಲೇ ಬ್ಯಾಂಡ್ ಬಿಟ್ಟ. ಆ ಆಲ್ಬಮ್ಮಿಗೆ ಸ್ಟುಡಿಯೋದಲ್ಲಿ ಕೂತು ಬಾರಿಸಿದ್ದು ಜಾಶ್ ಫ್ರೀಸ್. ಆತ ಬ್ಯಾಂಡಿನವನೇ ಅಲ್ಲ, ಆಗ ಬಾಡಿಗೆಗೆ ಬಂದವನು. ಆಮೇಲೆ ಊರೂರು ತಿರುಗಲು ಸೇರಿಕೊಂಡವನು ಆಟಮ್ ವಿಲ್ಲಾರ್ಡ್. 2007ರಲ್ಲಿ ಪೀಟ್ ಪರಾಡಾ ಬಂದ. ಆದರೆ 2008ರ ಆಲ್ಬಮ್ಮಿನ ಡ್ರಮ್ಸ್ ಕೂಡ ಫ್ರೀಸನದೇ. ಅಂದರೆ ಪೋಸ್ಟರಿನಲ್ಲಿ ಒಬ್ಬ, ಹಾಡಿನಲ್ಲಿ ಇನ್ನೊಬ್ಬ. ನೀವು ಇಪ್ಪತ್ತು ವರ್ಷ ವೆಲ್ಟಿ ಅಂತ ತಲೆದೂಗಿದ್ದು ಫ್ರೀಸನಿಗೆ.

ಹಾಗಂತ ನೀವು ಹೇಳಿದ್ದರಲ್ಲಿ ಹುರುಳಿಲ್ಲ ಅಂತಲ್ಲ. ಪಂಕಿನ ಓಟದ ತಾಳ ಕೇಳಲಿಕ್ಕೆ ಬಹಳ ಸಾದಾ. ಬಲಗಾಲಲ್ಲಿ ಕಿಕ್ (ದೊಡ್ಡ ಡ್ರಮ್), ಎಡಗೈಯಲ್ಲಿ ಸ್ನೇರ್ (ಚಟಪಟ ಸದ್ದಿನ ಸಣ್ಣ ಡ್ರಮ್), ಒಂದರ ಬೆನ್ನಿಗೆ ಒಂದು, ಬಲಗೈ ಹೈಹ್ಯಾಟ್ ಅನ್ನುವ ಜೋಡಿ ತಾಳದ ತಟ್ಟೆ ಮೇಲೆ. ದುಂ ತಾ ದುಂ ತಾ, ಮುಗಿಯಿತು. ಆದರೆ ನಿಮಿಷಕ್ಕೆ 200ರ ಆಸುಪಾಸಿನಲ್ಲಿ ಮೂರು ನಿಮಿಷ ಅದನ್ನೇ ಬಾರಿಸಿ ನೋಡಿ, ಮೊಣಕೈ ಕಳಚಿ ಬೀಳುತ್ತದೆ. ಕೈ ಸೋತಾಗ ತಾಳ ಒಂದು ಕೂದಲೆಳೆ ಹಿಂದೆ ಬೀಳುತ್ತದೆ, ಕೋರಸ್ ಬರುವಾಗ ಹುರುಪಿನಲ್ಲಿ ಒಂದು ಕೂದಲೆಳೆ ಮುಂದೆ ಓಡುತ್ತದೆ. ‘ಸ್ಮ್ಯಾಶ್’ ಕೇಳುವಾಗ ನಿಮ್ಮ ಬೆರಳು ಮೇಜು ಬಡಿಯುವುದು ಆ ಕೂದಲೆಳೆಗೆ. ಈಗಿನ ರೆಕಾರ್ಡಿಂಗಿನಲ್ಲಿ ಎಲ್ಲರೂ ಕಿವಿಗೆ ಕ್ಲಿಕ್ (ಲಯ ತಪ್ಪದ ಟಿಕ್ ಟಿಕ್ ಸದ್ದು) ಹಾಕಿಕೊಂಡು ಬಾರಿಸುತ್ತಾರೆ, ಆಮೇಲೆ ಕಂಪ್ಯೂಟರಿನಲ್ಲಿ ಹಿಂದೆ ಮುಂದೆ ಇರುವುದನ್ನು ಸಾಲಿಗೆ ನಿಲ್ಲಿಸಬಹುದು, ಪ್ರತಿ ಪೆಟ್ಟಿಗೂ ಒಂದೇ ತೂಕ ಕೊಡಬಹುದು. ನನಗೂ ಈ ಆಲ್ಬಂ ಹಾಗೇ ಕೇಳಿಸಿತು. ಇದರ ನಿರ್ಮಾಪಕ ಬಾಬ್ ರಾಕ್. ಮೆಟಾಲಿಕಾದ 1991ರ ಕಪ್ಪು ಆಲ್ಬಂ ಮಾಡಿದವನು. ಅವನ ಕೈಯಲ್ಲಿ ಸ್ನೇರ್ ಅಂದ್ರೆ ಬಾಗಿಲು ಬಡಿದ ಹಾಗೆ ಇರಬೇಕು. ಆ ಮನುಷ್ಯ 2008ರಿಂದಲೂ ಇವರ ಜೊತೆ ಇದ್ದಾನೆ.

ಬ್ರ್ಯಾಂಡನ್ ಮೊದಲು ಸೂಸೈಡಲ್ ಟೆಂಡೆನ್ಸೀಸ್‌ನಲ್ಲಿ ಇದ್ದವನು, ಬ್ಲ್ಯಾಕ್ ಫ್ಲ್ಯಾಗ್ ಜೊತೆಗೂ ಬಾರಿಸಿದ್ದಾನೆ. ಕೈಯಲ್ಲಿ ಸರಕಿಲ್ಲದವನನ್ನು ಅಂಥಾ ಕಡೆ ಕರೆಯುವುದಿಲ್ಲ. ನನ್ನ ಅನುಮಾನ ಬಾರಿಸಿದವನ ಮೇಲಿಲ್ಲ, ಬಾರಿಸಿದ್ದನ್ನು ಇಸ್ತ್ರಿ ಮಾಡಿದವರ ಮೇಲೆ.

ಅಂಕೋಲಾ ಬೇಸ್

ಎಲ್ಲರೂ ಡ್ರಮ್ಸ್ ಡ್ರಮ್ಸ್ ಅಂತಿದ್ದೀರಿ. ಬೇಸ್ ಬಾರಿಸುವವನ ಗತಿ ಯಾವಾಗಲೂ ಇಷ್ಟೇ.

ಗ್ರೆಗ್ ಕೆ. ಮತ್ತು ಡೆಕ್ಸ್ಟರ್ ಶಾಲೆಯ ಓಟದ ತಂಡದಲ್ಲಿ ಒಟ್ಟಿಗೆ ಓಡಿದವರು. 1984ರಲ್ಲಿ ಬ್ಯಾಂಡ್ ಕಟ್ಟಿದ್ದು ಈ ಇಬ್ಬರು. ನೂಡಲ್ಸ್ ಬಂದದ್ದು ಆಮೇಲೆ, ಆತ ‘ಸ್ಮ್ಯಾಶ್’ ಗೆಲ್ಲುವ ತನಕ ಶಾಲೆಯೊಂದರಲ್ಲಿ ಕಸ ಗುಡಿಸುವ ಕೆಲಸ ಮಾಡುತ್ತಿದ್ದ. 34 ವರ್ಷ ಆದಮೇಲೆ, 2018ರಲ್ಲಿ, ಗ್ರೆಗ್ ಹೊರಗೆ. ವಿಷಯ ಕೋರ್ಟಿಗೂ ಹೋಯಿತು. 2021ರಲ್ಲಿ ಪರಾಡಾ ಕೂಡ ಹೊರಗೆ. ನನಗೆ ವೈದ್ಯರೇ ಕೋವಿಡ್ ಲಸಿಕೆ ಬೇಡ ಅಂದಿದ್ದಾರೆ, ಹಾಗಾಗಿ ಬ್ಯಾಂಡಿನಲ್ಲಿ ಜಾಗ ಇಲ್ಲವಾಯಿತು ಅಂತ ಆತನೇ ಬರೆದುಕೊಂಡಿದ್ದ. ಯಾರದ್ದು ಸರಿ ಅಂತ ನಾನು ಹೇಳುತ್ತಿಲ್ಲ, ಒಳಗಿನ ಮಾತು ನಮಗೇನು ಗೊತ್ತು. ಆದರೆ “ನಾವೆಲ್ಲಾ ಒಂದು, ಹೊರಗಿನವರಿಗೆ ಕ್ಯಾರೇ ಅನ್ನಲ್ಲ” ಅಂತ ಹಾಡುವವರ ಮನೆಯಲ್ಲಿ ವಕೀಲರ ನೋಟೀಸು ಓಡಾಡಿದರೆ, ಹಾಡು ಕೇಳುವಾಗ ಸ್ವಲ್ಪ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಅಲ್ವಾ? ಮೀನಿನ ಮುಳ್ಳಿನ ಹಾಗೆ.

ಈಗ ಟಾಡ್ ಮೋರ್ಸ್ ಬೇಸ್ ಹಿಡಿದಿದ್ದಾನೆ. ಒಳ್ಳೆಯವನೇ. 2009ರಿಂದ ಅವರ ಜೊತೆ ತಿರುಗುತ್ತಾ ಗಿಟಾರ್ ಬಾರಿಸುತ್ತಿದ್ದ. ಆದರೂ ನಾನು ಈ ಆಲ್ಬಂ ಎರಡು ಸಲ ಕೇಳಿ ಬಿಟ್ಟೆ. ಸೇಡು ಅಂತಲ್ಲ. ಸುಮ್ನೆ ಮನಸ್ಸು ಹೋಗಲಿಲ್ಲ.

ಹಿಮ್ಮೇಳದ ಹಿಂದೆ

ಮಾರಾಯ್ರೇ, ನಾನು ಪಂಕ್ ಕೇಳುವವನಲ್ಲ. ಹೊನ್ನಾವರ ಕಡೆಯವನು, ಯಕ್ಷಗಾನದ ಆಟ ನೋಡುತ್ತಾ ಬೆಳೆದವನು. ಅಳಿಯ ಈ ಚರ್ಚೆ ತೋರಿಸಿದ, ಸುಮ್ಮನಿರಲಿಕ್ಕೆ ಆಗಲಿಲ್ಲ.

ಜನ ಬದಲಾದರೆ ಮೇಳ ಅದೇ ಮೇಳವಾ ಅನ್ನುವ ಪ್ರಶ್ನೆ ನಮಗೆ ಹೊಸತಲ್ಲ. ಗುಣವಂತೆಯ ಇಡಗುಂಜಿ ಮೇಳವನ್ನು 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದರು, ಆಮೇಲೆ ಶಂಭು ಹೆಗಡೆಯವರು, ಅವರ ನಂತರ ಶಿವಾನಂದ ಹೆಗಡೆಯವರು. ಕಟ್ಟಿದವರು ಯಾರೂ ಈಗ ಇಲ್ಲ. ಮೇಳ ಇದೆ. ಯಾರೂ ಅದು ಬೇರೆ ಮೇಳ ಅನ್ನುವುದಿಲ್ಲ. ಯಾಕೆ? ಅಲ್ಲಿ ದಾಟಿ ಬಂದದ್ದು ಹೆಸರು ಮಾತ್ರ ಅಲ್ಲ, ಹೆಜ್ಜೆ, ಮಾತು, ಇಂಥಾ ಪ್ರಸಂಗದಲ್ಲಿ ಇಂಥಾ ಪಾತ್ರ ಹೀಗೆ ಬರಬೇಕು ಅನ್ನುವ ಕಲ್ಪನೆ, ಅದನ್ನು ಎದುರು ಕೂತು ಕಲಿತದ್ದು. ನಿಮ್ಮ ಬ್ಯಾಂಡಿನಲ್ಲಿ ಹಾಗೆ ಕಲಿಸುವ ಪದ್ಧತಿ ಇದೆಯೋ, ಇಲ್ಲಾ ಬಂದವನು ಕ್ಯಾಸೆಟ್ ಕೇಳಿ ಕಲಿಯುತ್ತಾನೋ?

ಇನ್ನೊಂದು. ಹೊಸ ಚಂಡೆಯವರು ಬಂದರೆ ಮೊದಲ ಹತ್ತು ಆಟ ನೋಡಿ ತೀರ್ಪು ಕೊಡಬಾರದು. ಭಾಗವತರು ಏರುಪದ್ಯ ಎತ್ತಿಕೊಂಡಾಗ ಚಂಡೆ ಎಲ್ಲಿ ನುಗ್ಗಬೇಕು, ಎಲ್ಲಿ ತಡೆಯಬೇಕು ಅನ್ನುವುದು ಬಾಯಲ್ಲಿ ಹೇಳಿಕೊಡುವ ಸಂಗತಿ ಅಲ್ಲ. ದೀಪಾವಳಿ ಆಚೆ ತಿರುಗಾಟ ಶುರುವಾಗಿ ಫೆಬ್ರವರಿ ಹೊತ್ತಿಗೆ ಒಬ್ಬರ ಉಸಿರು ಇನ್ನೊಬ್ಬರಿಗೆ ತಿಳಿದಿರುತ್ತದೆ. ಆಗ ನೋಡಬೇಕು, ರಾತ್ರಿ ಎರಡು ಗಂಟೆಗೆ ನಿದ್ದೆಯಲ್ಲಿದ್ದವರೂ ಎದ್ದು ಕೂರುತ್ತಾರೆ. ನಿಮ್ಮ ಆ ಹೊಸ ಡ್ರಮ್ಸ್ ಹುಡುಗ ಬಂದು ಎಷ್ಟು ತಿರುಗಾಟ ಆಯಿತು?

ಶಿರಸಿ ತಮ್ಮ ಹೇಳಿದ ಕೂದಲೆಳೆ ಮಾತು ಮಾತ್ರ ಬಹಳ ಹಿಡಿಸಿತು. ನಮ್ಮಲ್ಲಿ ಅದನ್ನೇ ಜೀವ ಅಂತಾರೆ.

ಪೆಟ್ಟಿನ ಲೆಕ್ಕ

ಭಾವ, ನಿಮ್ಮ ಲೆಕ್ಕಕ್ಕೆ ಉತ್ತರ: ಆತ ಬಂದದ್ದು 2023ರಲ್ಲಿ. ಪರಾಡಾ ಹೋದಮೇಲೆ ಫ್ರೀಸನೇ ಊರೂರು ತಿರುಗಿ ಬಾರಿಸುತ್ತಿದ್ದ, ಅವನು ಫೂ ಫೈಟರ್ಸ್ ಅನ್ನುವ ಬ್ಯಾಂಡಿಗೆ ಹೋದ, ಆ ಜಾಗಕ್ಕೆ ಬ್ರ್ಯಾಂಡನ್. ಅಂದರೆ ಒಂದೂವರೆ ತಿರುಗಾಟಕ್ಕೇ ಆಲ್ಬಂ ಬಂದಿದೆ. ನೀವು ಹೇಳಿದ್ದು ಸರಿ ಇರಬಹುದು. ಮುಂದಿನ ಆಲ್ಬಮ್ಮಿಗೂ ಅವನೇ ಇದ್ದರೆ ಗೊತ್ತಾಗುತ್ತದೆ.

ಕುಮಟಾ 2005

ನಾನು ಹುಟ್ಟಿದ್ದೇ ನಿಮ್ಮ ‘ಸ್ಪ್ಲಿಂಟರ್’ ಬಂದ ಮೇಲೆ 😄 ಅಂಕಲ್‌ಗಳೆಲ್ಲಾ ಸೇರಿ ತಿಥಿ ಮಾಡ್ತಾ ಇದ್ದೀರಿ ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಈ ಬ್ಯಾಂಡ್ ಮೊದಲು ಕೇಳಿದ್ದೇ ‘ಸೂಪರ್‌ಚಾರ್ಜ್ಡ್’ನಿಂದ. ಹೋಲಿಸಲಿಕ್ಕೆ ನನ್ನ ತಲೆಯಲ್ಲಿ ಹಳೆಯದು ಯಾವುದೂ ಇರಲಿಲ್ಲ. 2025ರ ಮಾರ್ಚಿನಲ್ಲಿ ಮುಂಬೈಯ ಲೊಲ್ಲಾಪಲೂಜಾ ಸಂಗೀತೋತ್ಸವದಲ್ಲಿ ಗ್ರೀನ್ ಡೇ ಬ್ಯಾಂಡ್ ನೋಡಲು ಹೋಗಿದ್ದೆ (ಮನೆಯಲ್ಲಿ ಹೇಳಿದ್ದು ಕಾಲೇಜಿನ ಟೂರು), ಬರುವಾಗ ರೈಲಿನಲ್ಲಿ ಇನ್ನೂ ಇಂಥದ್ದೇ ಬೇಕು ಅನ್ನಿಸಿ ಹುಡುಕಿದಾಗ ಸಿಕ್ಕಿದ್ದು ಇದು. ‘ಕಮ್ ಟು ಬ್ರೆಜಿಲ್’ ಹಾಡಿನ ರಿಫ್ (ಮತ್ತೆ ಮತ್ತೆ ಬರುವ ಗಿಟಾರಿನ ತುಣುಕು) ಕೇಳಿ ಮೇಲಿನ ಬರ್ತಿನಲ್ಲಿ ತಲೆ ಕುಣಿಸಿ ಫ್ಯಾನಿಗೆ ಹೊಡೆಸಿಕೊಂಡೆ. ಯಾವ ಬ್ಯಾಂಡ್ ಏನೇ ಹಾಕಿದರೂ ಅದರ ಕೆಳಗೆ ಬ್ರೆಜಿಲ್‌ನವರು “ಬ್ರೆಜಿಲ್‌ಗೆ ಬನ್ನಿ” ಅಂತ ಬರೆಯುತ್ತಾರಲ್ಲ, ಅದನ್ನೇ ಹಾಡು ಮಾಡಿದ್ದಾರೆ. ಅರವತ್ತರ ಹತ್ತಿರದವರು ಇಷ್ಟು ತಮಾಷೆ ಉಳಿಸಿಕೊಂಡಿದ್ದಾರೆ ಅಂದ್ರೆ ಅದೇ ದೊಡ್ಡದು.

‘ಮೇಕ್ ಇಟ್ ಆಲ್ ರೈಟ್’ ಮಾತ್ರ ನನಗೂ ಸಿಹಿ ಜಾಸ್ತಿ ಆಯಿತು. ತೊಡದೇವು ನಾಲ್ಕು ತಿಂದ ಹಾಗೆ. ‘ಸ್ಮ್ಯಾಶ್’ ಆಮೇಲೆ ಕೇಳಿದೆ. ಚೆನ್ನಾಗಿದೆ. ಆದರೆ ಸತ್ಯ ಹೇಳಬೇಕಾ? ನನಗೆ ಸದ್ದು ತೆಳು ಅನ್ನಿಸಿತು. ನೀವು ಜೀವ ಅನ್ನುವುದು ನನಗೆ ಕಿವಿಗೆ ಹತ್ತಿ ಇಟ್ಟ ಹಾಗೆ ಕೇಳುತ್ತದೆ. ಬೈಯಬೇಡಿ.

ಅಂಕೋಲಾ ಬೇಸ್

ಬೈಯುವುದಿಲ್ಲ ತಮಾ. ಆದರೆ ಆ ತೆಳು ಸದ್ದಿನ ಆಲ್ಬಂ 1 ಕೋಟಿಗೂ ಜಾಸ್ತಿ ಮಾರಿದೆ, ಅದೂ ಎಪಿಟಾಫ್ ಅನ್ನುವ ಸಣ್ಣ ಕಂಪನಿಯಿಂದ. ಬ್ಯಾಡ್ ರಿಲಿಜನ್ ಬ್ಯಾಂಡಿನ ಗಿಟಾರಿನವನ ಕಂಪನಿ ಅದು. ಒಳ್ಳೆಯ ಹೆಡ್‌ಫೋನಿನಲ್ಲಿ ಬೇಸ್ ಒಂದನ್ನೇ ಹಿಂಬಾಲಿಸಿಕೊಂಡು ಹೋಗಿ ಕೇಳು. ಅದರದ್ದೇ ‘ಸೆಲ್ಫ್ ಎಸ್ಟೀಮ್’ ಹಾಡು ಸಾಕು. ಆಮೇಲೆ ಮಾತಾಡೋಣ.

ಕೋಡಿಬಾಗದ ಹಳೇ ಕ್ಯಾಸೆಟ್

ಇಷ್ಟು ಜನ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಉತ್ತರ ಕನ್ನಡದಲ್ಲಿ ನಾವು ಇಬ್ಬರಲ್ಲ, ಐದು ಜನ ಅಂತಾಯಿತು. ಹೊನ್ನಾವರದ ಭಾವನನ್ನು ಸೇರಿಸಿದರೆ.

ವೆಲ್ಟಿ ವಿಷಯದಲ್ಲಿ ಶಿರಸಿ ತಮ್ಮ ನನ್ನ ಮುಖಕ್ಕೆ ನೀರು ಹೊಡೆದ ಹಾಗೆ ಮಾಡಿದ. ಆವತ್ತು ರಾತ್ರಿಯೇ ‘ಸ್ಪ್ಲಿಂಟರ್’ ಹಾಕಿ ಕೇಳಿದೆ. ಅದೇ ಹಾಡು, ಅದೇ ಪೆಟ್ಟು, ಆದರೆ ಬಾರಿಸುವವನ ಮುಖ ಬದಲಾದ ಹಾಗಾಯಿತು. ಇಪ್ಪತ್ತು ವರ್ಷ ಬಾಡಿಗೆಯವನನ್ನು ಮನೆಯವನು ಅಂದುಕೊಂಡು ಪ್ರೀತಿಸಿದ್ದೇನೆ. ಹಾಗಿದ್ದ ಮೇಲೆ ಬ್ರ್ಯಾಂಡನ್ ಹೊಸಬ ಅಂತ ಕಿವಿ ಮುಚ್ಚಿಕೊಳ್ಳಲು ನನಗೆ ಯಾವ ಹಕ್ಕೂ ಇಲ್ಲ.

ಶನಿವಾರ ಶಿರಸಿಯಲ್ಲಿ ಒಂದು ಉಪನಯನ ಇತ್ತು. ಬಸ್ಸು ದೇವಿಮನೆ ಘಟ್ಟ ಹತ್ತುವಾಗ ನೆಟ್‌ವರ್ಕ್ ಹೋಗುತ್ತದೆ ಅಂತ ಆಲ್ಬಂ ಮೊದಲೇ ಇಳಿಸಿಕೊಂಡಿದ್ದೆ. ಡ್ರಮ್ಸ್ ಕೇಳಬಾರದು, ಹಾಡು ಕೇಳಬೇಕು ಅಂತ ಹಟ ಹಿಡಿದು ಕೂತೆ. ಕೊನೆಯ ನಾಲ್ಕು ಹಾಡು ಈ ಸಲ ಒಳಗೆ ಬಂತು, ‘ಗೆಟ್ ಸಮ್’ ಅಂತೂ ಎರಡು ಸಲ ಕೇಳಿದೆ. ಮೊದಲರ್ಧ ಇನ್ನೂ ಇಸ್ತ್ರಿ ಹಾಕಿದ ಅಂಗಿಯ ಹಾಗೇ ಇದೆ. ತಿರುವಿನಲ್ಲಿ ಪಕ್ಕದ ಸೀಟಿನ ಅಜ್ಜಿಗೆ ವಾಂತಿ ಬರುವ ಹಾಗಾಗಿ ನಾನು ಇಯರ್‌ಫೋನ್ ತೆಗೆದು ಕಿಟಕಿ ಬಿಟ್ಟುಕೊಡಬೇಕಾಯಿತು, ಹಾಗಾಗಿ ‘ಹ್ಯಾಂಗಿಂಗ್ ಬೈ ಎ ಥ್ರೆಡ್’ ಬಗ್ಗೆ ಅಭಿಪ್ರಾಯ ಇನ್ನೂ ಪೂರ್ತಿ ಆಗಿಲ್ಲ.

ಗ್ರೆಗ್ ವಿಷಯದಲ್ಲಿ ಅಂಕೋಲಾದವರ ಮುಳ್ಳು ನನ್ನ ಗಂಟಲಲ್ಲೂ ಇದೆ. ಅದು ಹೋಗುವುದಿಲ್ಲ ಅನ್ನಿಸುತ್ತದೆ.

ಕುಮಟಾದ ಹುಡುಗ ಹೇಳಿದ ಮೇಲೆ ‘ಕಮ್ ಟು ಬ್ರೆಜಿಲ್’ ವಿಡಿಯೋ ಹುಡುಕಿ ನೋಡಿದೆ. ಕೆಳಗೆ ಸಾವಿರಗಟ್ಟಲೆ ಜನ ಬರೆದಿದ್ದಾರೆ. ನಾನೂ ಕನ್ನಡದಲ್ಲೇ “ಕಾರವಾರಕ್ಕೆ ಬನ್ನಿ, ಮಳೆಗಾಲ ಬಿಟ್ಟು” ಅಂತ ಬರೆದು ಬಂದೆ. ಬೆಳಿಗ್ಗೆ ನೋಡಿದರೆ ಒಂದೇ ಒಂದು ಲೈಕ್ ಬಿದ್ದಿದೆ. ದುಬೈಯವನದು.