ಕೀವಿ ಮರಿಗಳಿಗೆ ಬೇಲಿಯೊಳಗೂ ಕಾಕ್ಸಿಡಿಯೋಸಿಸ್ ಯಾಕೆ?

ಪ್ರಶ್ನೆ: ಡಾಕ್ಟ್ರೇ, ನ್ಯೂಜಿಲೆಂಡ್‌ನಲ್ಲಿ ಕೀವಿ ಹಕ್ಕಿಯ ಮೊಟ್ಟೆಗಳನ್ನು ಕಾಡಿನಿಂದ ತಂದು ಮರಿ ಮಾಡಿಸಿ, ಬೇಲಿಯೊಳಗೆ ಸಾಕಿ ಮತ್ತೆ ಕಾಡಿಗೆ ಬಿಡ್ತಾರಂತೆ. ಅಲ್ಲೂ ಮರಿಗಳು ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ಬಂದು ಸಾಯುತ್ತವೆ ಅಂತ ಓದಿದೆ. ಅದು ಕೋಳಿ ರೋಗ ಅಲ್ವಾ?

ಉತ್ತರ (ಪಶುವೈದ್ಯೆ): ಪಾಪ, ಕೋಳಿಯದ್ದೇನೂ ತಪ್ಪಿಲ್ಲ! ಎರಡಕ್ಕೂ ಕಾರಣ ಐಮೀರಿಯಾ ಗುಂಪಿನ ಪರಾವಲಂಬಿಗಳೇ, ಆದರೆ ಜಾತಿ ಬೇರೆ. ಕೀವಿಗೆ ಅದರದ್ದೇ ಐಮೀರಿಯಾಗಳಿವೆ. ಕರುಳಿಗಷ್ಟೇ ಅಲ್ಲ, ಮೂತ್ರಪಿಂಡಕ್ಕೂ ತಗಲುತ್ತವೆ.

ಕಾಡಿನಲ್ಲೂ ಇವು ಇರುತ್ತವೆ. ಅಲ್ಲಿ ಹಕ್ಕಿಗಳು ಚದುರಿಕೊಂಡಿರುವುದರಿಂದ ಒಂದೇ ಕಡೆ ಸೋಂಕು ಗುಡ್ಡೆ ಬೀಳುವುದಿಲ್ಲ. ಕಾಡಿನ ಮರಿಗಳಿಗೆ ದೊಡ್ಡ ಕಂಟಕ ಸ್ಟೋಟ್ ಎಂಬ ಪುಟ್ಟ ಬೇಟೆಗಾರ ಪ್ರಾಣಿ. ಅದರಿಂದ ಕಾಪಾಡಲೆಂದೇ ನೀವು ಹೇಳಿದ ಈ ಯೋಜನೆ, ‘ಆಪರೇಷನ್ ನೆಸ್ಟ್ ಎಗ್’, 1994ರಲ್ಲಿ ಶುರುವಾಯಿತು. ಮರಿ ಸುಮಾರು 1 ಕಿಲೋ ದಾಟಿದರೆ ಸ್ಟೋಟ್‌ಗೆ ಒದ್ದು ಓಡಿಸಬಲ್ಲದು. ಅಲ್ಲಿಯವರೆಗೆ ಬೇಲಿಯೊಳಗೇ ವಾಸ. ಎಡವಟ್ಟಾಗುವುದು ಇಲ್ಲೇ. ಅದೇ ನೆಲ, ಒಂದರ ಹಿಂದೆ ಒಂದು ಮರಿ.

ಕೀವಿ ತಿನ್ನುವುದನ್ನು ನೋಡಿ. ಮೂಗಿನ ಹೊಳ್ಳೆ ಇರುವುದೇ ಕೊಕ್ಕಿನ ತುದಿಯಲ್ಲಿ. ಉದ್ದ ಕೊಕ್ಕನ್ನು ಒದ್ದೆ ಮಣ್ಣಿಗೆ ಚುಚ್ಚಿ, ಮೂಸಿ, ಹುಳ ಎಳೆದು ನುಂಗುತ್ತದೆ. ಹುಳದ ಜೊತೆ ಮಣ್ಣೂ ಒಳಗೆ. ಹಿಕ್ಕೆಯಲ್ಲಿ ಬಿದ್ದ ಊಸಿಸ್ಟ್‌ಗಳು, ಅಂದರೆ ಪರಾವಲಂಬಿಯ ಗಟ್ಟಿ ಕವಚದ ಮೊಟ್ಟೆಯಂಥ ಕಣಗಳು, ತೇವ ಮತ್ತು ಬೆಚ್ಚಗಿನ ಹವೆ ಸಿಕ್ಕರೆ ಕೆಲವೇ ದಿನಗಳಲ್ಲಿ ರೋಗ ಹರಡಲು ತಯಾರು.

ಪ್ರಶ್ನೆ: ಔಷಧಿ ಇಲ್ವಾ ಮೇಡಂ? ಫಿನೈಲ್ ಹಾಕಿ ತೊಳೆದ್ರೆ?

ಉತ್ತರ: ಮಾಮೂಲಿ ಫಿನೈಲ್‌ಗೆಲ್ಲ ಊಸಿಸ್ಟ್ ಜಗ್ಗುವುದಿಲ್ಲ. ಅದನ್ನು ಕೊಲ್ಲುವುದು ಬಿಸಿ ಹಬೆ ಮತ್ತು ಒಣ ಹವೆ. ಟೋಲ್ಟ್ರಾಜುರಿಲ್ ಎಂಬ ಔಷಧಿ ಕೊಡುತ್ತಾರೆ, ಕೆಲಸವೂ ಮಾಡುತ್ತದೆ. ಆದರೆ ಮಣ್ಣು ಹಾಗೇ ಇದ್ದರೆ ಮತ್ತೆ ಸೋಂಕು ಗ್ಯಾರಂಟಿ. ನನ್ನ ಪ್ರಕಾರ ಔಷಧಿಗಿಂತ ಮುಖ್ಯ ನೆಲ: ಮರಿಗಳನ್ನು ಒತ್ತೊತ್ತಾಗಿ ಬಿಡಬಾರದು, ಉದುರೆಲೆ ಬದಲಿಸಬೇಕು, ಆವರಣವನ್ನು ಕೆಲಕಾಲ ಖಾಲಿ ಬಿಡಬೇಕು.

ಹಿಕ್ಕೆ ಪರೀಕ್ಷೆಯನ್ನೊಂದೇ ನಂಬಬೇಡಿ. ಊಸಿಸ್ಟ್ ಹೊರಬರುವ ಮೊದಲೇ ಮರಿ ಸಾಯಬಹುದು. ದಿನಾ ತೂಕ ನೋಡುವುದೇ ಒಳ್ಳೆಯದು. ಮೊದಲ ವಾರ ಮರಿ ಹೊಟ್ಟೆಯೊಳಗೆ ಉಳಿದ ಮೊಟ್ಟೆಯ ಹಳದಿ ಭಾಗದಲ್ಲೇ ಬದುಕುತ್ತದೆ, ಆಗ ತೂಕ ಇಳಿಯುವುದು ಸಹಜ. ತಿನ್ನಲು ಶುರು ಮಾಡಿದ ಮೇಲೂ ಇಳಿದರೆ, ಮಂಕಾಗಿ ಕೂತರೆ, ಹಿಕ್ಕೆಯಲ್ಲಿ ರಕ್ತ ಕಂಡರೆ ತಡಮಾಡಬಾರದು.

ಪ್ರಶ್ನೆ: ಹಾಗಾದ್ರೆ ಮಣ್ಣೇ ಮುಟ್ಟಿಸದೆ ಬೆಳೆಸಬಾರದಾ?

ಉತ್ತರ: ಬೆಳೆಸಬಹುದು. ಆದರೆ ಕಾಡಿಗೆ ಬಿಟ್ಟ ದಿನ ಅದಕ್ಕೆ ಪ್ರತಿರೋಧ ಶಕ್ತಿಯೇ ಇರುವುದಿಲ್ಲ. ಚಿಕ್ಕಂದಿನಲ್ಲಿ ಸ್ವಲ್ಪ ಸ್ವಲ್ಪ ಸೋಂಕು ತಗಲಿದರೆ ಒಳ್ಳೆಯದೇ.