ಮಾವನ ಟ್ರಂಕಿನ ಸ್ಲೋ ಸ್ಕ್ಯಾನ್ ಟಿವಿ: ಟ್ಯೂಬ್ ಎಬ್ಬಿಸಲೋ, ಕನ್ವರ್ಟರ್ ಕಟ್ಟಲೋ?

ಹಾಸನದಿಂದ, ಕೇಳಿದವರು:
ಎಲ್ಲರಿಗೂ ನಮಸ್ಕಾರ. ತೀರಿಕೊಂಡ ನಮ್ಮ ಸೋದರಮಾವ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದವರು, ಆಗಿದ್ದರು. ಅಟ್ಟ ಖಾಲಿ ಮಾಡುವಾಗ ಅವರ ಟ್ರಂಕು ಸಿಕ್ಕಿತು. ಒಳಗೆ ಐದಿಂಚಿನ ದುಂಡು ಟ್ಯೂಬ್ ಹಾಕಿದ ಅರೆಬರೆ ಮಾನಿಟರ್ (ಟ್ಯೂಬಿನ ಮೇಲೆ 5ಎಫ್‌ಪಿ7 ಅಂತಿದೆ), ನಾಲ್ಕು 4116 ಮೆಮೊರಿ ಐಸಿ ಇರುವ ಒಂದು ಬೋರ್ಡು, ‘ಚಿತ್ರ, 1982’ ಎಂದು ಬರೆದ ಕ್ಯಾಸೆಟ್. ಹಾಕಿ ಕೇಳಿದರೆ ಬರೀ ಕುಂಯ್ ಕುಂಯ್. ನಾನು ಓದಿದ್ದು ಎಲೆಕ್ಟ್ರಾನಿಕ್ಸ್, ಹ್ಯಾಮ್ ಲೈಸೆನ್ಸ್ ಇನ್ನೂ ಇಲ್ಲ. ಆ ಟ್ಯೂಬನ್ನೇ ಎಬ್ಬಿಸಲೋ, ಮಾಮೂಲಿ ಟಿವಿಯಲ್ಲಿ ಕಾಣುವಂತೆ ಕನ್ವರ್ಟರ್ ಕಟ್ಟಲೋ? ಮಾಡಿ ನೋಡಿದವರು ಹೇಳಿ.

ಧಾರವಾಡದಿಂದ:
ತಂಗೀ, ಮೊದಲ ಆ ಟ್ಯೂಬಿಗೆ ಕೈ ಹಚ್ಚಬ್ಯಾಡ. ಅದರ ಆನೋಡಿಗೆ ಸಾವಿರಗಟ್ಟಲೆ ವೋಲ್ಟ್ ಬೇಕು, ಬಂದ್ ಮಾಡಿದ ಮ್ಯಾಲೂ ಚಾರ್ಜ್ ಒಳಗ ಕುಂತಿರ್ತದ. ನಾ ಒಮ್ಮೆ ಹೊಡಿಸ್ಕೊಂಡೀನಿ. ಕರೆಂಟಿಗಿಂತ ಹೆಚ್ಚು ಪೆಟ್ಟು ಕೊಟ್ಟಿದ್ದು ಹಿಂದಿದ್ದ ಗ್ವಾಡಿ, ಮೊಣಕೈಗೆ ಮೂರು ವಾರ ಪಟ್ಟಿ. ಕ್ಯಾಸೆಟ್ ಹಾಳಾಗೋದ್ರೊಳಗ ಕಂಪ್ಯೂಟರಿಗೆ ತುಂಬಿಕೋ. ಉಳಿದದ್ದು ಆಮ್ಯಾಲೆ.

ಮೈಸೂರಿನಿಂದ:
ಧಾರವಾಡದವರು ಹೇಳಿದ್ದು ಸರಿ. ನೀವು ಕೇಳಿದ ಆ ಕುಂಯ್ ಕುಂಯ್‌ನಲ್ಲೇ ಚಿತ್ರ ಇದೆಯಮ್ಮ. ಚಿತ್ರವನ್ನು ಸದ್ದು ಮಾಡಿ ರೇಡಿಯೋದಲ್ಲಿ ಕಳಿಸುವ ಈ ಸ್ಲೋ ಸ್ಕ್ಯಾನ್ ಟಿವಿ, ಅಮೆರಿಕದ ಕಾಪ್‌ಥಾರ್ನ್ ಮ್ಯಾಕ್‌ಡೊನಾಲ್ಡ್ 1958ರಲ್ಲಿ ಹ್ಯಾಮ್‌ಗಳ ಕ್ಯೂಎಸ್‌ಟಿ ಪತ್ರಿಕೆಯಲ್ಲಿ ಬರೆದು ಶುರುವಾದ ಹುಚ್ಚು. ಆಮೇಲೆ ಗಟ್ಟಿಯಾದ ಲೆಕ್ಕ: 1500 ಹರ್ಟ್ಜ್ ಕಪ್ಪು, 2300 ಬಿಳಿ, ನಡುವಿನದೆಲ್ಲ ಬೂದು. 1200ಕ್ಕೆ ಇಳಿದರೆ ಸಿಂಕ್, ಅಂದರೆ ಹೊಸ ಗೆರೆ. 120 ಗೆರೆಯ ಒಂದು ಚಿತ್ರಕ್ಕೆ ಸುಮಾರು ಎಂಟು ಸೆಕೆಂಡು. ಮಾತು ಹೋಗುವ ಕಿರಿದಾದ ದಾರಿಯಲ್ಲೇ ಚಿತ್ರವೂ ಹೋಗಬೇಕು, ಅದಕ್ಕೇ ಈ ಆಮೆ ನಡಿಗೆ.

ಮಾಮೂಲಿ ಟಿವಿ ಟ್ಯೂಬಿನಲ್ಲಾದರೆ ಕೆಳಗಿನ ಗೆರೆ ಬರುವಷ್ಟರಲ್ಲಿ ಮೇಲಿನದು ಆರಿಹೋಗಿರುತ್ತೆ. ಹಾಗಾಗಿ ರೇಡಾರಿನ ಪಿ7 ಟ್ಯೂಬು. ನೀಲಿಯಾಗಿ ಹೊಳೆದು ಹಳದಿಯಾಗಿ ನಿಧಾನಕ್ಕೆ ಆರುತ್ತೆ. ಕೋಣೆ ಕತ್ತಲು ಮಾಡಿ, ರಟ್ಟಿನ ಮರೆ ಕಟ್ಟಿ, ಅದರೊಳಗೆ ಮುಖ ತೂರಿಸಿ ನೋಡುತ್ತಿದ್ದೆವು. ಒಂದು ಸಲ ನೋಡಬೇಕಾದ್ದು ನಿಜ. ಆದರೆ ನೀವು ಒಬ್ಬರೇ ರಿಪೇರಿಗೆ ಕೂರಬೇಡಿ.

ಇನ್ನು ಕನ್ವರ್ಟರ್. 128ಕ್ಕೆ 128 ಚುಕ್ಕಿ, ಒಟ್ಟು 16,384. 4116 ಒಂದರಲ್ಲಿ ಇರುವುದೂ ಅಷ್ಟೇ ಬಿಟ್. ನಾಲ್ಕು ಐಸಿ ಎಂದರೆ ಚುಕ್ಕಿಗೆ ನಾಲ್ಕು ಬಿಟ್, ಹದಿನಾರು ಛಾಯೆ. ನಿಮ್ಮ ಮಾವ ಕನ್ವರ್ಟರಿಗೇ ಕೈಹಾಕಿದ್ದರು ಅಂತ ಅನ್ನಿಸುತ್ತೆ. ಮೆಮೊರಿಗೆ ತುಂಬುವುದು ನಿಧಾನ, ಅರ್ಧ ಮಿಲಿಸೆಕೆಂಡಿಗೊಂದು ಚುಕ್ಕಿ; ಅದು ಸುಲಭ. ಟಿವಿಗೆ ಓದಿ ಕೊಡುವಾಗ ಒಂದು ಚುಕ್ಕಿಗೆ ಸಿಗುವುದು 0.3 ಮೈಕ್ರೋಸೆಕೆಂಡ್. 4116ನ್ನು ಒಮ್ಮೆ ಓದುವ ಪೂರ್ತಿ ಸುತ್ತಿಗೇ ಸುಮಾರು 0.375 ಬೇಕು.

ನಾನು ಪೇಜ್ ಮೋಡಿನಲ್ಲಿ, ಅಂದರೆ ಮೆಮೊರಿಯ ಒಂದು ಸಾಲು ತೆರೆದಿಟ್ಟು ಅದರ ಚುಕ್ಕಿಗಳನ್ನು ಒಂದಾದ ಮೇಲೊಂದು, ಓದಿದೆ. ವೇಗ ಸಿಕ್ಕಿತು, ರಿಫ್ರೆಶ್ (ಸೋರುವ ಚಾರ್ಜನ್ನು ಮತ್ತೆ ತುಂಬುವುದು) ತಪ್ಪಿತು. 128 ಸಾಲುಗಳನ್ನೂ 2 ಮಿಲಿಸೆಕೆಂಡಿಗೊಮ್ಮೆ ಮುಟ್ಟಬೇಕು, ನನ್ನದು ಒಂದು ಸುತ್ತಿಗೆ ಹದಿನಾರಕ್ಕೂ ಮೇಲೆ ತಗೊಳ್ತಿತ್ತು. ತಮಾಷೆ ಏನೆಂದರೆ ಡಿಸೆಂಬರಿನಲ್ಲಿ ಚಿತ್ರ ಚೆನ್ನಾಗಿಯೇ ನಿಂತಿತ್ತು! ಏಪ್ರಿಲ್ ಬಂತು, ಐಸಿ ಬಿಸಿಯಾಯಿತು, ಚಾರ್ಜ್ ಬೇಗ ಸೋರಿತು, ಚಿತ್ರದ ತುಂಬ ಸುಣ್ಣ ಎರಚಿದಂತೆ ಚುಕ್ಕಿ. ಹವಾಮಾನ ಅಂತ ಹೊಳೆಯಲು ನನಗೆ ಒಂದು ತಿಂಗಳು ಹಿಡಿಯಿತು, ಅಷ್ಟರಲ್ಲಿ ಎರಡು ಪವರ್ ಸಪ್ಲೈ ಬಿಚ್ಚಿದ್ದೆ. ಟಿವಿಯ ಪ್ರತಿ ಗೆರೆಯ ಕೊನೆಗೆ 12 ಮೈಕ್ರೋಸೆಕೆಂಡ್ ಖಾಲಿ ಸಿಗುತ್ತಲ್ಲ, ಅಲ್ಲಿ ಐದೈದು ಸಾಲು ರಿಫ್ರೆಶ್ ಮಾಡಿಸಿದ ಮೇಲೆ ಕಾಟ ತಪ್ಪಿತು.

ಮಾವನ ಬೋರ್ಡಿಗೆ ಕರೆಂಟ್ ಕೊಡುವುದಾದರೆ ಮೈನಸ್ 5 ವೋಲ್ಟ್ ಮೊದಲು ಬರಬೇಕು. ಅದಿಲ್ಲದೆ ಪ್ಲಸ್ 12 ಹೋದರೆ 4116 ಸುಟ್ಟೀತು. ಹೊಸದಾಗಿ ಕಟ್ಟುವುದಾದರೆ 62256 ಸ್ಟ್ಯಾಟಿಕ್ ರ‍್ಯಾಮ್ ಹಾಕಿ, ರಿಫ್ರೆಶ್ ಗೊಡವೆಯೇ ಇಲ್ಲ.

ಮಂಗಳೂರಿನಿಂದ:
ನಾನು ಟೀಚರ್, ಕಟ್ಟುವ ಕೆಲಸ ನನಗೆ ಬರುವುದಿಲ್ಲ ಮಾರಾಯ್ರೆ. ಅಂತರಿಕ್ಷ ನಿಲ್ದಾಣ ಚಿತ್ರ ಕಳಿಸುವ ದಿನಗಳಲ್ಲಿ ಮಕ್ಕಳನ್ನು ಟೆರೇಸಿಗೆ ಹತ್ತಿಸುತ್ತೇನೆ. 145.800 ಮೆಗಾಹರ್ಟ್ಜ್, ಎಫ್‌ಎಂ. ಹೆಚ್ಚಾಗಿ ಪಿಡಿ120 ಎಂಬ ಮೋಡ್, ಚಿತ್ರಕ್ಕೆ ಎರಡು ನಿಮಿಷದ ಮೇಲೆ ಆರು ಸೆಕೆಂಡು. ರೇಡಿಯೋ ಹಿಡಿಯುವ ಯುಎಸ್‌ಬಿ ಡಾಂಗಲ್, ಕೈಯಲ್ಲಿ ಹಿಡಿಯುವ ಯಾಗಿ ಆಂಟೆನಾ, ಮೊಬೈಲ್ ಆ್ಯಪ್ ಇಷ್ಟೇ. ಆದರೆ ಆ ಆ್ಯಪ್ ಹಳೆ ಕ್ಯಾಸೆಟ್ಟನ್ನು ತಾನಾಗಿ ಗುರುತಿಸುವುದು ಸಂಶಯ. ಈಗಿನ ಚಿತ್ರಗಳ ಮುಂದೆ ಯಾವ ಮೋಡ್ ಎಂದು ಹೇಳುವ ವಿಐಎಸ್ ಸಂಕೇತ ಇರುತ್ತದೆ, ಆಗಿನದಕ್ಕೆ ಅದಿಲ್ಲ.

ಹಾಸನದಿಂದ, ಎರಡು ವಾರದ ನಂತರ:
ಕ್ಯಾಸೆಟ್ ತುಂಬಿಕೊಂಡೆ. ಮೇಡಂ ಹೇಳಿದ ಹಾಗೆಯೇ ಆ್ಯಪ್ ಕೈಕೊಟ್ಟಿತು. ಪೈಥಾನ್‌ನಲ್ಲಿ ನಾನೇ ಬರೆದೆ, ಸೆಕೆಂಡಿಗೆ 15 ಗೆರೆ, ಗೆರೆಗೆ 66.7 ಮಿಲಿಸೆಕೆಂಡಿನಂತೆ ಕತ್ತರಿಸಿದೆ. ಚಿತ್ರ ಓರೆಯಾಗಿ ಹರಿದು, ಒಂಬತ್ತು ಗೆರೆಗೊಮ್ಮೆ ಸುತ್ತಿ ಬರುತ್ತಿದೆ. ಟೇಪ್ ಎಳೆದುಹೋಗಿದೆಯಾ?

ಧಾರವಾಡದಿಂದ:
ಟೇಪಿಂದಲ್ಲ ತಂಗಿ, ಕರೆಂಟಿಂದು. ಹದಿನೈದು ಗೆರೆ ಅಮೆರಿಕದ ಲೆಕ್ಕ, ಅವರ 60 ಹರ್ಟ್ಜನ್ನ ನಾಲ್ಕರಿಂದ ಭಾಗಿಸಿದ್ದು. ನಮ್ಮದು 50 ಹರ್ಟ್ಜ್, ಮೂರರಿಂದ ಭಾಗಿಸಬೇಕು. ಗೆರೆಗೆ 60 ಮಿಲಿಸೆಕೆಂಡ್. ಒಂದೊಂದು ಗೆರೀಗೂ ನೀ 6.7 ಹೆಚ್ಚಿಗಿ ಕತ್ತರಿಸಲಿಕತ್ತೀದಿ, ಒಂಬತ್ತು ಗೆರೀಗೆ ಪೂರಾ 60 ಆತು. ಇನ್ನೊಂದು: ಗಡಿಯಾರ ನೋಡಿ ಕತ್ತರಿಸಬ್ಯಾಡ, 1200ರ ಸಿಂಕ್ ಹುಡುಕಿ ಅಲ್ಲಿಂದ ಗೆರೆ ಶುರು ಮಾಡು. ಹಳೇ ಮಾನಿಟರ್ ಹಂಗ ಮಾಡ್ತಿದ್ವು, ಟೇಪ್ ಸ್ವಲ್ಪ ಹಿಂದುಮುಂದಾದ್ರೂ ಗೆರೆ ಸಾಲ ಬಿಡೂದಿಲ್ಲ.

ಹಾಸನದಿಂದ:
ಬಂತು ಅಣ್ಣಾ! ಟೇಪ್ ಕೊಂಚ ನಿಧಾನ, ಸಿಂಕ್ 1200ಕ್ಕಿಂತ ತುಸು ಕೆಳಗೆ ಸಿಕ್ಕಿತು. ಕಪ್ಪು ಬಿಳುಪನ್ನೂ ಅಷ್ಟೇ ಪಾಲು ಇಳಿಸಿದೆ. ಮೊದಲ ನಾಲ್ಕು ಚಿತ್ರ 60ಕ್ಕೆ ಒಪ್ಪಿದವು. ಐದನೆಯದಕ್ಕೆ 66.7 ಬೇಕಾಯಿತು, ಅಂದರೆ 60 ಹರ್ಟ್ಜ್ ದೇಶದಿಂದ ಬಂದಿರಬೇಕು. ಅದರಲ್ಲಿ ಯಾರದೋ ಬೆಕ್ಕು. ಮೊದಲನೆಯದರಲ್ಲಿ ಒಂದು ಸ್ಲೇಟು, ಅದರ ಮೇಲೆ ಮಾವನ ಕಾಲ್ ಸೈನ್ (ಹ್ಯಾಮ್‌ಗಳ ಗುರುತಿನ ಸಂಕೇತ). ಸ್ಲೇಟು ಹಿಡಿದ ಕೈಯಲ್ಲಿ ಬಳೆ ಇದೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಅಲುಗಾಡಬೇಡ ಅಂತ ಅಣ್ಣ ಬೈದಿದ್ದ" ಅಂದರು.

ಎರಡು 62256 ತರಿಸಿದ್ದೇನೆ. ಮೈಸೂರಿನ ಸರ್, ಆ 12 ಮೈಕ್ರೋಸೆಕೆಂಡಿನ ನಕ್ಷೆ ಇನ್ನೂ ಇದ್ದರೆ ಫೋಟೋ ಹಾಕುತ್ತೀರಾ? ಮಾವನ ಬೋರ್ಡನ್ನೂ ಒಮ್ಮೆ ಓಡಿಸಿ ನೋಡುವ ಆಸೆ.